ಉಕ್ಕೋ, ಅಲ್ಯೂಮಿನಿಯಮ್ಮೋ? ಮಹಾಸರೋವರಗಳ ಆಳಕ್ಕೆ ಕೊಂಡೊಯ್ಯುವ ಉಸಿರಿನ ಚರಿತ್ರೆ



ಶಿಕಾಗೊ ಮತ್ತು ಡೆಟ್ರಾಯಿಟ್ ನಗರಗಳ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಹಾಸರೋವರಗಳ ಮೇಲ್ಮೈ ಚಿರಪರಿಚಿತವಾದುದು. ಬೇಸಗೆಯ ಭಾನುವಾರಗಳಲ್ಲಿ ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ನಾವು ಅವುಗಳ ದಡಕ್ಕೆ ಹೋಗುತ್ತೇವೆ. ಊರಿನಿಂದ ಬಂದ ಹಿರಿಯರಿಗೆ "ಇದು ಸಮುದ್ರವಲ್ಲ, ಸಿಹಿನೀರು" ಎಂದು ಬೊಗಸೆಯಲ್ಲಿ ಎತ್ತಿ ತೋರಿಸುತ್ತೇವೆ. ಆದರೆ ಆ ನೀರಿನ ತಳದಲ್ಲಿ ಏನಿದೆ, ಅಲ್ಲಿಗೆ ಇಳಿದವರು ಜೀವಸಹಿತ ಹೇಗೆ ಮರಳುತ್ತಾರೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಆ ಅಂಜಿಕೆಯಿಲ್ಲ. ಶಾಲೆಯ ಕೊಳದಲ್ಲಿ ಕಲಿತ ಈಜು ಅವರನ್ನು ಸ್ಕೂಬಾ ತರಗತಿಗೂ, ಆ ತರಗತಿ ಸರೋವರದ ಆಳಕ್ಕೂ ಕರೆದೊಯ್ಯುತ್ತದೆ. ಅಂಥ ಮಗನೋ ಮಗಳೋ ಒಂದು ದಿನ "ಉಕ್ಕಿನ ಸಿಲಿಂಡರ್ ಕೊಳ್ಳಲೇ, ಅಲ್ಯೂಮಿನಿಯಂ ಸಿಲಿಂಡರ್ ಕೊಳ್ಳಲೇ?" ಎಂದು ಕೇಳಿದರೆ, ಬೆಲೆಯನ್ನು ವಿಚಾರಿಸುವುದರ ಹೊರತು ನಮ್ಮಲ್ಲಿ ಅನೇಕ ತಂದೆತಾಯಿಗಳಿಗೆ ಬೇರೆ ಮಾತು ಹೊಳೆಯಲಾರದು.

ಅಂಗಡಿಯ ಪ್ರಶ್ನೆಯಂತೆ ತೋರುವ ಈ ಪ್ರಶ್ನೆಗೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ನಾವು ವಾಸಿಸುತ್ತಿರುವ ಈ ಸೀಮೆಯಲ್ಲಿಯೇ ನಡೆದಿವೆ. ಅವುಗಳನ್ನು ಕ್ರಮವಾಗಿ ನೋಡಿದರೆ ಪ್ರಶ್ನೆಗೆ ಉತ್ತರವೂ ತಾನಾಗಿ ದೊರೆಯುತ್ತದೆಂಬುದು ನಮ್ಮ ನಂಬಿಕೆ.

ಮೊದಲು ನೀರಿನ ಭಾರದ ವಿಚಾರ. ನಾವು ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತುತಂದ ಪ್ರೆಷರ್ ಕುಕ್ಕರನ್ನು ನೆನೆಯೋಣ. ಅದರ ಮುಚ್ಚಳದ ಮೇಲಿನ ತೂಕ ಎದ್ದು ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಅಂಗುಲಕ್ಕೆ ಸುಮಾರು 15 ಪೌಂಡು ಹೆಚ್ಚಾಗಿರುತ್ತದೆ. ಸಿಹಿನೀರಿನಲ್ಲಿ ಸುಮಾರು 34 ಅಡಿ ಆಳಕ್ಕೆ ಇಳಿದವನ ಮೈಮೇಲೆ ಬೀಳುವ ಹೆಚ್ಚುವರಿ ಒತ್ತಡವೂ ಸರಿಸುಮಾರು ಅಷ್ಟೇ. ಅಲ್ಲಿಂದ ಮುಂದೆ ಪ್ರತಿ 34 ಅಡಿಗೂ ಅಷ್ಟಷ್ಟೇ ಒತ್ತಡ ಸೇರುತ್ತ ಹೋಗುತ್ತದೆ. 165 ಅಡಿಯಲ್ಲಿ ಒಟ್ಟು ಒತ್ತಡ ದಡದಲ್ಲಿರುವುದರ ಆರು ಪಟ್ಟಿಗೆ ಸಮೀಪಿಸುತ್ತದೆ. ಆ ಒತ್ತಡದಲ್ಲಿ ಎದೆ ಅರಳಬೇಕಾದರೆ ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದಲ್ಲಿ ಬಾಯಿಗೆ ಬರಬೇಕು. ಹೀಗೆ ಒಂದೊಂದು ಉಸಿರಿನಲ್ಲಿಯೂ ಆರು ಉಸಿರಿನಷ್ಟು ಗಾಳಿ ಖರ್ಚಾಗುತ್ತದೆ.

ಹಾಗೆ ಒಳಸೇರಿದ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ದೇಹ ಅದನ್ನು ಬಳಸುವುದಿಲ್ಲ. ಒತ್ತಡಕ್ಕೆ ಮಣಿದು ಅದು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗಿ ಕೂರುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒಮ್ಮೆಲೇ ಒತ್ತಿದರೆ ನೊರೆಯುಕ್ಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಳದಿಂದ ಅವಸರದಲ್ಲಿ ಮೇಲೆದ್ದವನ ದೇಹದಲ್ಲಿ ನಡೆಯುವುದೂ ಅದೇ ಬಗೆಯದು. ಕರಗಿದ ಸಾರಜನಕ ಗುಳ್ಳೆಗಳಾಗಿ ಕೀಲುಗಳನ್ನು ಕಾಡುತ್ತದೆ; ಬೆನ್ನುಹುರಿಯನ್ನು ತಲುಪಿದರೆ ಕೈಕಾಲುಗಳ ಸ್ವಾಧೀನವೇ ತಪ್ಪಬಹುದು.

ಈ ರೋಗವನ್ನು ಅಮೆರಿಕ ಅರಿತದ್ದು ಸರೋವರಗಳಲ್ಲಿ ಮುಳುಗಿದವರಿಂದಲ್ಲ, ಸೇತುವೆ ಕಟ್ಟಿದವರಿಂದ. ನದಿಯ ತಳದಲ್ಲಿ ಕಂಬದ ಅಡಿಪಾಯ ತೋಡುವುದಕ್ಕೆ ಬುಡವಿಲ್ಲದ ದೊಡ್ಡ ಪೆಟ್ಟಿಗೆಯನ್ನು ಬೋರಲಾಗಿ ಇಳಿಸಿ, ನೀರು ನುಗ್ಗದಂತೆ ಅದರೊಳಗೆ ಒತ್ತಡದ ಗಾಳಿಯನ್ನು ತುಂಬುತ್ತಿದ್ದರು. ಕೈಸನ್ ಎಂಬುದು ಅದರ ಹೆಸರು. ಸೇಂಟ್ ಲೂಯಿಸ್ ನಗರದಲ್ಲಿ ಜೇಮ್ಸ್ ಈಡ್ಸ್ ಮಿಸಿಸಿಪ್ಪಿ ನದಿಗೆ ಸೇತುವೆ ಕಟ್ಟಿಸುತ್ತಿದ್ದಾಗ, 1870ರ ಸುಮಾರಿನಲ್ಲಿ, ಕೈಸನ್ನಿನಿಂದ ಹೊರಬಂದ ಹತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು, ಹಲವರು ನರಳಿದರು. ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಆಲ್ಫೋನ್ಸ್ ಜ್ಯಾಮಿನೆ ತಾನೇ ಕೆಳಗಿಳಿದು ಬಂದು ಪಾರ್ಶ್ವವಾಯುವಿಗೆ ತುತ್ತಾಗಿ, ಅದೃಷ್ಟದಿಂದ ಚೇತರಿಸಿಕೊಂಡು, ತನ್ನ ಅನುಭವವನ್ನು ಬರೆದಿಟ್ಟನು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ರೋಗದಿಂದ ಹಾಸಿಗೆ ಹಿಡಿದಾಗ ಆತನ ಪತ್ನಿ ಎಮಿಲಿ ಕೆಲಸದ ಉಸ್ತುವಾರಿಯನ್ನು ಮುಂದುವರಿಸಿದಳು. ನೋವಿನಿಂದ ಬಾಗಿ ನಡೆಯುತ್ತಿದ್ದ ಕಾರ್ಮಿಕರ ಭಂಗಿಯಿಂದಲೇ "ಬೆಂಡ್ಸ್" ಎಂಬ ಹೆಸರು ರೂಢಿಗೆ ಬಂದಿತು. ಡೆಟ್ರಾಯಿಟಿನ ಈಶಾನ್ಯಕ್ಕೆ, ಪೋರ್ಟ್ ಹ್ಯೂರಾನ್ ಮತ್ತು ಕೆನಡಾದ ಸಾರ್ನಿಯಾಗಳ ನಡುವೆ, ಸೇಂಟ್ ಕ್ಲೇರ್ ನದಿಯ ಅಡಿಯಲ್ಲಿ 1891ರಲ್ಲಿ ತೆರೆದ ರೈಲು ಸುರಂಗವನ್ನು ತೋಡಿದವರೂ ಇಂತಹ ಒತ್ತಡದ ಗಾಳಿಯಲ್ಲಿಯೇ ದುಡಿದರು.

ಕಾರಣವನ್ನು ಸ್ಪಷ್ಟಪಡಿಸಿದವನು ಫ್ರಾನ್ಸಿನ ಪಾಲ್ ಬೇರ್. ಗುಳ್ಳೆಗಳು ಸಾರಜನಕದವೆಂದು ಆತ 1878ರಲ್ಲಿ ತೋರಿಸಿದನು. ಪರಿಹಾರದ ಲೆಕ್ಕ ಹಾಕಿದವನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗಿಸಿ, ಇಬ್ಬರು ಸಹೋದ್ಯೋಗಿಗಳೊಡನೆ 1908ರಲ್ಲಿ ಆತ ಪ್ರಕಟಿಸಿದ ಪ್ರಬಂಧದ ಸಾರವಿಷ್ಟು: ಮೇಲೇರುವವನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ನಿಗದಿಯಾದ ಆಳಗಳಲ್ಲಿ ನಿಗದಿಯಾದ ನಿಮಿಷಗಳ ಕಾಲ ನಿಂತು, ಕರಗಿದ ಸಾರಜನಕವನ್ನು ಉಸಿರಿನ ಮೂಲಕ ಹೊರಹಾಕಬೇಕು. ಇದನ್ನೇ ಡಿಕಂಪ್ರೆಷನ್ ಎನ್ನುತ್ತಾರೆ. ತಳದಲ್ಲಿ ಕಳೆದ ಪ್ರತಿಯೊಂದು ನಿಮಿಷವೂ ಸಾಲವಾದರೆ, ಮೇಲೇರುವಾಗಿನ ನಿಲುಗಡೆಗಳು ಅದರ ಕಂತುಗಳು. ಕೊನೆಯ ಕಂತುಗಳೇ ಅತಿ ದೀರ್ಘವಾದವು. ಅವು ಮೇಲ್ಮೈಗೆ ಇಪ್ಪತ್ತು ಅಡಿ, ಹತ್ತು ಅಡಿ ಇರುವಾಗ ಬರುತ್ತವೆ. ಸೂರ್ಯನ ಬೆಳಕು ಕಾಣುತ್ತಿರುತ್ತದೆ, ದೋಣಿಯ ತಳ ಕಾಣುತ್ತಿರುತ್ತದೆ. ಆದರೂ ತಲೆಯ ಮೇಲೆ ಕಾಣದ ಚಾವಣಿಯೊಂದಿರುತ್ತದೆ. ಸಾಲ ತೀರುವವರೆಗೆ ಅದನ್ನು ದಾಟುವಂತಿಲ್ಲ.

ಆದುದರಿಂದ ಆಳಕ್ಕೆ ಹೋಗುವವನು ಹೋಗುವುದಕ್ಕಷ್ಟೇ ಅಲ್ಲದೆ ಮರಳುವ ದೀರ್ಘ ದಾರಿಗೂ ಸಾಲುವಷ್ಟು ಉಸಿರನ್ನು ಜೊತೆಯಲ್ಲಿ ಕೊಂಡೊಯ್ಯಬೇಕು. ಆ ಉಸಿರನ್ನು ತುಂಬುವ ಪಾತ್ರೆ ಯಾವ ಲೋಹದ್ದಾಗಿರಬೇಕೆಂಬ ಚರ್ಚೆ ಹುಟ್ಟುವುದು ಇಲ್ಲಿಂದ.

ದೋಣಿಯಿಂದ ಕೊಳವೆಯ ಮೂಲಕ ಗಾಳಿ ಪಡೆಯುತ್ತಿದ್ದ ಕಾಲದಲ್ಲಿ ಈ ಚರ್ಚೆಗೆ ಎಡೆಯಿರಲಿಲ್ಲ. ಕೊಳವೆಯ ಹಂಗು ಹರಿಯುವ ಸಾಹಸವೊಂದು ಶಿಕಾಗೊದಿಂದ ಉತ್ತರಕ್ಕೆ, ವಿಸ್ಕಾನ್ಸಿನ್ನಿನ ಪೋರ್ಟ್ ವಾಷಿಂಗ್ಟನ್ ಊರಿನೆದುರು ಮಿಶಿಗನ್ ಸರೋವರದಲ್ಲಿ ನಡೆಯಿತು. ಮಿಲ್ವಾಕಿಯ ಮ್ಯಾಕ್ಸ್ ನೋಲ್ ಎಂಬ ತರುಣ 1937ರ ಡಿಸೆಂಬರ್ 1ರಂದು, ತನ್ನ ಉಸಿರನ್ನು ತಾನೇ ಹೊತ್ತ ಸ್ವಯಂಪೂರ್ಣ ಉಡುಪನ್ನು ತೊಟ್ಟು, 420 ಅಡಿ ಆಳಕ್ಕೆ ಇಳಿದು ಬಂದನು. ಅಷ್ಟು ಆಳದಲ್ಲಿ ಸಾರಜನಕ ಮದ್ಯದಂತೆ ತಲೆಗೇರುತ್ತದೆ. ಆದ್ದರಿಂದ ಮಾರ್ಕೆಟ್ ವಿಶ್ವವಿದ್ಯಾಲಯದ ವೈದ್ಯ ಎಡ್ಗರ್ ಎಂಡ್ ಅವನಿಗೆ ಸಾರಜನಕದ ಬದಲು ಹೀಲಿಯಂ ಮತ್ತು ಆಮ್ಲಜನಕಗಳ ಮಿಶ್ರಣವನ್ನು ಸಿದ್ಧಪಡಿಸಿದ್ದನು. ನೌಕಾಪಡೆಯ ಮುಳುಗುಗಾರನೊಬ್ಬ 1915ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿದ ಈ ಮುಳುಗು ಸಾಗರದಲ್ಲಿ ನಡೆಯದೆ ನಮ್ಮ ಸಿಹಿನೀರಿನಲ್ಲಿ ನಡೆಯಿತೆಂಬುದು ಈ ಸೀಮೆಯವರಾದ ನಾವು ನೆನಪಿಡತಕ್ಕ ಸಂಗತಿ.

1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ಇಬ್ಬರೂ ಸೇರಿ, ಉಸಿರೆಳೆದಾಗ ಮಾತ್ರ, ಸುತ್ತಣ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವ ಸಾಧನವನ್ನು ರೂಪಿಸಿದರು. ಎರಡನೆಯ ಮಹಾಯುದ್ಧದ ನಂತರ ಅದು ಅಮೆರಿಕಕ್ಕೆ ಬಂದು ಸಾಮಾನ್ಯರ ಕೈಗೆ ಸಿಕ್ಕಿತು. ಅಂದಿನಿಂದ ಎರಡು ಲೋಹಗಳ ಕಥೆ ಆರಂಭವಾಗುತ್ತದೆ.

ಉಕ್ಕು ನಮಗೆ ಮನೆಯ ಲೋಹ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉತ್ತಮ ಲೋಹವನ್ನು ಯೂರೋಪಿನ ವಿದ್ವಾಂಸರು "ವೂಟ್ಸ್" ಎಂದು ಕರೆದರು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಕುರಿತು 1795ರಲ್ಲಿಯೇ ಪ್ರಬಂಧ ಮಂಡಿಸಿದನು. ಆ ಪದ ನಮ್ಮ "ಉಕ್ಕು" ಪದದಿಂದಲೇ ಹುಟ್ಟಿತೆಂದು ಅನೇಕ ಪಂಡಿತರು ಅಭಿಪ್ರಾಯಪಡುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಉರಿಹೊತ್ತಿದ ಮೈಸೂರು ಕಬ್ಬಿಣ ಕಾರ್ಖಾನೆಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಅಲ್ಯೂಮಿನಿಯಮ್ಮಾದರೋ ಈ ಸರೋವರ ಸೀಮೆಯ ಕೂಸೆನ್ನಬಹುದು. ಈರಿ ಸರೋವರಕ್ಕೆ ಸಮೀಪದ, ಒಹಾಯೊ ರಾಜ್ಯದ ಓಬರ್ಲಿನ್ ಊರಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ಇಪ್ಪತ್ತೆರಡರ ಯುವಕ 1886ರಲ್ಲಿ, ಮನೆಗೆ ಹೊಂದಿದ ಕೊಟ್ಟಿಗೆಯಲ್ಲಿ, ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಪಡೆಯುವ ಮಾರ್ಗವನ್ನು ಕಂಡುಕೊಂಡನು. ಅದೇ ವರ್ಷ ಫ್ರಾನ್ಸಿನ ಎರೂ ಕೂಡ ಅದನ್ನೇ ಸಾಧಿಸಿದ್ದನು. ಅದಕ್ಕೆ ಮುಂಚೆ ಅಮೂಲ್ಯವಾಗಿದ್ದ ಲೋಹ ನಮ್ಮ ಅಜ್ಜಿಯರ ಕಾಲಕ್ಕೆ ಅನ್ನ ಬಸಿಯುವ ಪಾತ್ರೆಯಾಗಿ ಬಂದು ಸೇರಿತು.

ಸ್ಕೂಬಾದ ಮೊದಲ ದಶಕಗಳು ಉಕ್ಕಿನವು. ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ಬೆರೆಸಿದ ಉಕ್ಕಿನಿಂದ ಮಾಡಿದ, "ಎಪ್ಪತ್ತೆರಡು" ಎಂದೇ ಹೆಸರಾದ ಸಿಲಿಂಡರ್ ಅಮೆರಿಕದಾದ್ಯಂತ ಹಬ್ಬಿತು. ಚದರ ಅಂಗುಲಕ್ಕೆ 2475 ಪೌಂಡು ಒತ್ತಡದಲ್ಲಿ ಅದು 71.2 ಘನ ಅಡಿ ಗಾಳಿಯನ್ನು ಹಿಡಿಯುತ್ತಿತ್ತು. ಅದನ್ನು ತಯಾರಿಸಿದ ಹೆಸರಾಂತ ಕಾರ್ಖಾನೆಗಳಲ್ಲೊಂದಾದ ಪ್ರೆಸ್ಡ್ ಸ್ಟೀಲ್ ಟ್ಯಾಂಕ್ ಕಂಪನಿ ಮಿಲ್ವಾಕಿಯದೇ. ಉಳಿದ ಗಾಳಿಯನ್ನು ತೋರಿಸುವ ಮಾಪಕ ಅಂದು ಎಲ್ಲರ ಬಳಿಯೂ ಇರಲಿಲ್ಲ. ಉಸಿರು ಬಿಗಿಯಾದಾಗ ಸಿಲಿಂಡರಿನ ಪಕ್ಕದ ಸಲಾಕೆಯನ್ನೆಳೆದು, ಕಾಯ್ದಿರಿಸಿದ ಸ್ವಲ್ಪ ಗಾಳಿಯನ್ನು ಬಿಡಿಸಿಕೊಂಡು ಮೇಲೆ ಬರಬೇಕಾಗಿತ್ತು. ಸಲಾಕೆ ಯಾವುದಕ್ಕಾದರೂ ತಗುಲಿ ಮೊದಲೇ ಎಳೆದುಹೋಗಿದ್ದರೆ ಆ ಕಾಯ್ದಿರಿಸಿದ ಗಾಳಿಯೂ ಇಲ್ಲ.

ಉಕ್ಕಿನ ಶತ್ರು ತುಕ್ಕು. ಸರೋವರದ ಸಿಹಿನೀರು ಸಮುದ್ರದಷ್ಟು ಕ್ರೂರವಲ್ಲವಾದರೂ, ತೇವದ ಗಾಳಿಯನ್ನು ತುಂಬಿಸಿದ ಸಿಲಿಂಡರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ತುಕ್ಕೆಂದರೆ ಕಬ್ಬಿಣ ಆಮ್ಲಜನಕವನ್ನು ತಿಂದು ಆದ ವಸ್ತು. ತುಂಬಿಸಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ತೇವದ ಸಿಲಿಂಡರಿನೊಳಗೆ ಅದು ತಿನ್ನುವುದು ಮುಳುಗುಗಾರನ ಉಸಿರಿಗಾಗಿ ಇಟ್ಟ ಆಮ್ಲಜನಕವನ್ನೇ. ಮಾಪಕದ ಮುಳ್ಳು ತುಂಬಿದೆಯೆಂದೇ ತೋರಿಸಬಹುದು. ಒಳಗಿರುವುದು ಜೀವ ಹಿಡಿಯಲಾರದ ಗಾಳಿಯಾಗಿರಬಹುದು.

ಆ ಉಕ್ಕಿನ ಯುಗದ ಕೊನೆಯ ಭಾಗದಲ್ಲಿ ನಡೆದ ಶೋಧವೊಂದು ಶಿಕಾಗೊ ನಗರಕ್ಕೆ ಆತ್ಮೀಯವಾದುದು. ಮಿಶಿಗನ್ನಿನ ಉತ್ತರ ಭಾಗದಿಂದ ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ಶಿಕಾಗೊಗೆ ಹೊರಟಿದ್ದ ರೌಸ್ ಸಿಮನ್ಸ್ ಎಂಬ ಮೂರು ಪಟಗಂಬದ ಹಡಗು 1912ರ ನವೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ಎಲ್ಲರೊಡನೆ ಮುಳುಗಿತು. ಅದರ ಕಪ್ತಾನ ಹರ್ಮನ್ ಶೂನಮನ್ ಪ್ರತಿವರ್ಷವೂ ಕ್ಲಾರ್ಕ್ ಬೀದಿಯ ಸೇತುವೆಯ ಬಳಿ ಹಡಗು ನಿಲ್ಲಿಸಿ ಮರಗಳನ್ನು ಮಾರುತ್ತಿದ್ದವನು. ಕೆಂಟ್ ಬೆಲ್‌ರಿಚರ್ಡ್ ಎಂಬ ಮುಳುಗುಗಾರ 1971ರಲ್ಲಿ, ವಿಸ್ಕಾನ್ಸಿನ್ನಿನ ಟೂ ರಿವರ್ಸ್ ಊರಿನ ಸಮೀಪ, ಸುಮಾರು 165 ಅಡಿ ಆಳದಲ್ಲಿ ಅದನ್ನು ಕಂಡನು. ಹೊರೆಯ ಮರಗಳು ಆರು ದಶಕಗಳ ನಂತರವೂ ಅದರ ಒಡಲಿನಲ್ಲಿದ್ದವು. ಸರೋವರದ ತಂಪು ಸಿಹಿನೀರು ಮರವನ್ನು ಕೊಳೆಯಗೊಡುವುದಿಲ್ಲ. ಸಮುದ್ರದಲ್ಲಿ ಮರ ಕೊರೆಯುವ ಹುಳುಗಳೂ ಇಲ್ಲಿಲ್ಲ. ಆಳದ ಮುಳುಗುಗಾರರನ್ನು ಈ ಸೀಮೆ ಸೆಳೆಯುವ ಕಾರಣವೂ ಇದೇ. ಸೇಂಟ್ ಕ್ಲೇರ್ ಸರೋವರದಲ್ಲಿ 1988ರಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಜೀವಿಗಳು ನೀರನ್ನು ಸೋಸಿ ತಿಳಿಗೊಳಿಸಿದ್ದರಿಂದ ಆ ಸೆಳೆತ ಇನ್ನೂ ಹೆಚ್ಚಿತು. ಹಡಗುಗಳ ಮೇಲೆಲ್ಲ ಅವು ಮೆತ್ತಿಕೊಂಡವೆಂಬುದು ಬೇರೆ ಮಾತು.

1970ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಂ ಸಿಲಿಂಡರುಗಳು ಅಮೆರಿಕದ ಅಂಗಡಿಗಳಿಗೆ ಬಂದವು. ಅವು ಕೆಂಪು ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕಡಿಮೆ. ಮುಳುಗು ಶಾಲೆಗಳೂ ಬಾಡಿಗೆ ಅಂಗಡಿಗಳೂ ಅವುಗಳನ್ನೇ ಮೆಚ್ಚಿದವು. ಇಂದಿಗೂ ಹೊಸಬರ ಬೆನ್ನಿಗೇರುವುದು ಬಹುಮಟ್ಟಿಗೆ "ಎಂಬತ್ತು" ಎಂಬ ಹೆಸರಿನ ಅಲ್ಯೂಮಿನಿಯಂ ಸಿಲಿಂಡರೇ. ಹೆಸರು ಎಂಬತ್ತಾದರೂ ಚದರ ಅಂಗುಲಕ್ಕೆ 3000 ಪೌಂಡು ಒತ್ತಡದಲ್ಲಿ ಅದು ಹಿಡಿಯುವುದು 77.4 ಘನ ಅಡಿ. ದಡದಲ್ಲಿ ನಿಮಿಷಕ್ಕೆ ಮುಕ್ಕಾಲು ಘನ ಅಡಿ ಉಸಿರಾಡುವವನಿಗೆ ಅದು ನೂರು ನಿಮಿಷ ಬಾಳುತ್ತದೆ. ರೌಸ್ ಸಿಮನ್ಸ್ ಇರುವ ಆಳದಲ್ಲಿ ಹದಿನೇಳು ಹದಿನೆಂಟು ನಿಮಿಷ ಮಾತ್ರ. ಅದರಲ್ಲಿಯೇ ಆಪತ್ತಿಗೂ, ಜೊತೆಗಾರನಿಗೂ, ಸಾಲದ ಕಂತುಗಳಿಗೂ ಉಳಿಸಬೇಕು. ಒಂದೇ ಸಿಲಿಂಡರಿನಿಂದ ಇದು ಆಗದ ಕೆಲಸವೆಂದು ಈ ಲೆಕ್ಕವೇ ಹೇಳುತ್ತದೆ.

ಇಲ್ಲೊಂದು ವಿಚಿತ್ರವಿದೆ. ಅಲ್ಯೂಮಿನಿಯಂ ಹಗುರ, ಉಕ್ಕು ಭಾರ ಎಂದು ಅಡುಗೆಮನೆ ನಮಗೆ ಕಲಿಸಿದೆ. ಲೋಹದ ಮಟ್ಟಿಗೆ ಅದು ನಿಜ. ಉಕ್ಕಿನ ಸಾಂದ್ರತೆ ಅಲ್ಯೂಮಿನಿಯಮ್ಮಿನ ಸುಮಾರು ಮೂರು ಪಟ್ಟು. ಆದರೆ ಶಕ್ತಿ ಕಡಿಮೆಯಾದ್ದರಿಂದ ಅಲ್ಯೂಮಿನಿಯಂ ಸಿಲಿಂಡರಿನ ಗೋಡೆ ಬಹಳ ದಪ್ಪವಾಗಿರಬೇಕು. ಹೀಗಾಗಿ ದಡದಲ್ಲಿ ಹೊರುವಾಗ "ಎಂಬತ್ತು" ಸುಮಾರು 31 ಪೌಂಡು ತೂಗುತ್ತದೆ. ಇದು ಹಳೆಯ ಉಕ್ಕಿನ "ಎಪ್ಪತ್ತೆರಡ"ಕ್ಕಿಂತ ತುಸು ಹೆಚ್ಚೇ. ನೀರಿಗಿಳಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ದಪ್ಪ ಗೋಡೆಯ, ದೊಡ್ಡ ಗಾತ್ರದ ಅಲ್ಯೂಮಿನಿಯಂ ಸಿಲಿಂಡರ್ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುವುದರಿಂದ ಹೆಚ್ಚು ತೇಲುತ್ತದೆ.

ಗಾಳಿಗೂ ತೂಕವಿದೆ ಎಂಬುದನ್ನು ನಾವು ಶಾಲೆಯಲ್ಲಿ ಓದಿ ಮರೆತಿದ್ದೇವೆ. ತುಂಬಿದ "ಎಂಬತ್ತ"ರೊಳಗೆ ಸುಮಾರು ಆರು ಪೌಂಡು ಗಾಳಿಯಿರುತ್ತದೆ. ಸಿಹಿನೀರಿನಲ್ಲಿ ಮುಳುಗು ಆರಂಭವಾದಾಗ ಆ ಸಿಲಿಂಡರ್ ಸುಮಾರು ಎರಡು ಪೌಂಡು ಕೆಳಕ್ಕೆಳೆಯುತ್ತದೆ. ಬರಿದಾದಾಗ ಸುಮಾರು ಮೂರೂವರೆ ಪೌಂಡು ಮೇಲಕ್ಕೆತ್ತುತ್ತದೆ. ಬೆನ್ನಿನಲ್ಲಿ ಜೋಡಿ ಸಿಲಿಂಡರುಗಳಿದ್ದರೆ ಏಳು ಪೌಂಡು. ಅದು ಮೇಲಕ್ಕೆತ್ತುವುದು ಯಾವಾಗ? ಕೊನೆಯ ಕಂತು ಉಳಿದಿರುವಾಗ, ಹತ್ತಿಪ್ಪತ್ತು ಅಡಿಯ ಆ ಕಾಣದ ಚಾವಣಿಯ ಕೆಳಗೆ, ಮೈ ದಣಿದು ಕೈ ಮರಗಟ್ಟಿರುವಾಗ. ಅಲ್ಲಿ ನಿಲ್ಲಲಾಗದೆ ಮೇಲೆ ತೇಲಿಹೋದವನ ಗತಿ ಗೋಲಿ ಒತ್ತಿದ ಸೋಡಾದ ಗತಿಯೇ. ಆದಕಾರಣ ಅಲ್ಯೂಮಿನಿಯಂ ಜೋಡಿಯನ್ನು ಹೊತ್ತವನು ಆ ಕೊನೆಯ ಗಳಿಗೆಗೆಂದು ಸೀಸದ ತುಂಡುಗಳನ್ನು ಮೊದಲಿನಿಂದಲೂ ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಅಧಿಕ ಒತ್ತಡದ, 100 ಘನ ಅಡಿಯ ಹಲವು ಉಕ್ಕಿನ ಸಿಲಿಂಡರುಗಳಾದರೋ ಬರಿದಾದಾಗಲೂ ಎರಡು ಮೂರು ಪೌಂಡು ಕೆಳಕ್ಕೇ ಎಳೆಯುತ್ತವೆ.

ಮಹಾಸರೋವರಗಳಲ್ಲಿ ಈ ಗುಣಕ್ಕೆ ವಿಶೇಷ ಬೆಲೆಯಿದೆ. ಮೇಲೆ ಎಷ್ಟೇ ಬಿಸಿಲಿರಲಿ, ಆಳದ ನೀರು ವರ್ಷವಿಡೀ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ನೀರು ಅತಿ ಭಾರವಾಗುವುದು ಆ ಉಷ್ಣತೆಯಲ್ಲಿಯೇ ಆದ್ದರಿಂದ ಅದು ತಳದಲ್ಲಿ ಕುಳಿತುಬಿಡುತ್ತದೆ. ಅಂಥ ಚಳಿಯಲ್ಲಿ ಗಂಟೆಗಟ್ಟಲೆ ಇರಬೇಕಾದವನು ನೀರು ಒಳಬಾರದ ಒಣ ಉಡುಪನ್ನು, ಅದರೊಳಗೆ ದಪ್ಪ ಬಟ್ಟೆಯನ್ನು ತೊಡುತ್ತಾನೆ. ಉಡುಪಿನೊಳಗಿನ ಗಾಳಿ ಅವನನ್ನು ತೇಲಿಸುತ್ತದೆ; ಮುಳುಗಲು ಅವನಿಗೆ ಹೇಗೂ ಭಾರ ಬೇಕು. ಆ ಭಾರ ಸೀಸವಾಗಿರುವ ಬದಲು ಹೆಚ್ಚು ಗಾಳಿ ಹಿಡಿಯುವ ಉಕ್ಕೇ ಆಗಿರಲಿ ಎಂಬುದು ಈ ಕಡೆಯ ಆಳದ ಮುಳುಗುಗಾರರಲ್ಲಿ ರೂಢಿಯಾದ ವಿವೇಕ. ಆದರೆ ಬೆಚ್ಚನೆಯ ಸಮುದ್ರದಲ್ಲಿ ತೆಳುವಾದ ರಬ್ಬರಿನ ಉಡುಪು ತೊಟ್ಟವನ ಬೆನ್ನಿಗೆ ಅದೇ ಉಕ್ಕಿನ ಜೋಡಿ ಕಂಟಕವಾಗಬಹುದು. ಆಳದಲ್ಲಿ ಆ ಉಡುಪು ಕುಗ್ಗಿ ತೇಲುವ ಗುಣವನ್ನು ಕಳೆದುಕೊಳ್ಳುತ್ತದೆ. ಮೇಲೆತ್ತುವ ಗಾಳಿಚೀಲ ಹರಿದರೆ ಬಿಸಾಡಲು ಸೀಸವಿಲ್ಲ, ಉಸಿರಿರುವ ಸಿಲಿಂಡರನ್ನು ಬಿಸಾಡುವಂತಿಲ್ಲ.

ಹಾಗಾದರೆ ಅಲ್ಯೂಮಿನಿಯಮ್ಮಿಗೆ ಇಲ್ಲಿ ಸ್ಥಾನವಿಲ್ಲವೇ? ಇದೆ, ಪಕ್ಕದಲ್ಲಿ. ಕಂತು ತೀರಿಸುವಾಗ ಸಾರಜನಕ ಬೇಗ ಹೊರಹೋಗಲೆಂದು ಆಮ್ಲಜನಕ ಹೆಚ್ಚಿರುವ ಗಾಳಿಯನ್ನು, ಇಪ್ಪತ್ತು ಅಡಿಗೆ ಬಂದಮೇಲೆ ಶುದ್ಧ ಆಮ್ಲಜನಕವನ್ನೇ, ಪ್ರತ್ಯೇಕ ಸಣ್ಣ ಸಿಲಿಂಡರುಗಳಲ್ಲಿ ಒಯ್ಯುತ್ತಾರೆ. ಅದಕ್ಕಿಂತ ಆಳದಲ್ಲಿ ಶುದ್ಧ ಆಮ್ಲಜನಕ ವಿಷವಾಗಿ ಸೆಳವು ತರಬಹುದಾದ್ದರಿಂದ ಪ್ರತಿಯೊಂದರ ಮೇಲೆಯೂ ಅದರ ಆಳವನ್ನು ದೊಡ್ಡದಾಗಿ ಬರೆದಿರುತ್ತಾರೆ. ಇವುಗಳನ್ನು ನಡುದಾರಿಯಲ್ಲಿ ಬಿಚ್ಚಬೇಕು, ಕಟ್ಟಬೇಕು, ಜೊತೆಗಾರನ ಕೈಗೆ ಕೊಡಬೇಕು. ಉಕ್ಕಿನದಾದರೆ ಕೊಟ್ಟವನು ತಟ್ಟನೆ ಹಗುರಾಗಿ, ಪಡೆದವನು ಭಾರವಾಗುತ್ತಾನೆ. 40 ಘನ ಅಡಿಯ ಅಲ್ಯೂಮಿನಿಯಂ ಸಿಲಿಂಡರಾದರೋ ನೀರಿನಲ್ಲಿ ಹೆಚ್ಚು ಮುಳುಗದೆ, ಹೆಚ್ಚು ತೇಲದೆ, ಇಟ್ಟಲ್ಲಿ ಇರುವಂತೆ ಇರುತ್ತದೆ. ಒಳಗೆ ತುಕ್ಕು ಹಿಡಿಯದಿರುವುದೂ ಆಮ್ಲಜನಕಕ್ಕೆ ಹಿತ. ಹೀಗೆ ಬೆನ್ನಿಗೆ ಉಕ್ಕು, ಪಕ್ಕಕ್ಕೆ ಅಲ್ಯೂಮಿನಿಯಂ ಎಂಬುದು ತಣ್ಣೀರಿನ ಆಳಕ್ಕೆ ಸಂದ ಹೊಂದಾಣಿಕೆ.

ಆದರೆ ಅಲ್ಯೂಮಿನಿಯಮ್ಮಿನ ಚರಿತ್ರೆಯಲ್ಲಿ ಕರಾಳವಾದ ಪುಟವೊಂದಿದೆ. ಗೃಹಸ್ಥರಾದ ನಾವು ಮುಖ್ಯವಾಗಿ ತಿಳಿದಿರಬೇಕಾದುದು ಅದನ್ನೇ. ಮೊದಲ ಪೀಳಿಗೆಯ ಬಹಳಷ್ಟು ಸಿಲಿಂಡರುಗಳನ್ನು 6351 ಎಂಬ ಸಂಖ್ಯೆಯ ಮಿಶ್ರಲೋಹದಿಂದ ಮಾಡಿದ್ದರು. ವರ್ಷಗಟ್ಟಲೆ ಒತ್ತಡವನ್ನು ಹೊತ್ತ ಅವುಗಳಲ್ಲಿ ಕೆಲವಕ್ಕೆ ಕತ್ತಿನ ಭಾಗದಲ್ಲಿ, ವಾಲ್ವ್ ಕೂರುವ ತಿರುಪಿನ ಸುತ್ತುಗಳಲ್ಲಿ, ಕಣ್ಣಿಗೆ ಸುಲಭವಾಗಿ ಕಾಣದ ಬಿರುಕುಗಳು ಹುಟ್ಟಿ ಮೆಲ್ಲನೆ ಬೆಳೆದವು. ಕೆಲವು ಸಿಲಿಂಡರುಗಳು ಸಿಡಿದು ಜನರು ತೀವ್ರವಾಗಿ ಗಾಯಗೊಂಡರು. ಕುಕ್ಕರಿನ ಒತ್ತಡದ ಇನ್ನೂರು ಪಟ್ಟು ಒತ್ತಡ ಒಮ್ಮೆಲೇ ಬಿಡುಗಡೆಯಾದರೆ ಏನಾದೀತೆಂಬುದನ್ನು ವರ್ಣಿಸಬೇಕಾಗಿಲ್ಲ. ಪ್ರಮುಖ ತಯಾರಕರಾದ ಲಕ್ಸ್‌ಫರ್ ಸಂಸ್ಥೆಯವರು ಅಮೆರಿಕದಲ್ಲಿ 1988ರಲ್ಲಿ 6061 ಎಂಬ ಮಿಶ್ರಲೋಹಕ್ಕೆ ಬದಲಾಯಿಸಿದರು. ಹಳೆಯ ಮಿಶ್ರಲೋಹದ ಸ್ಕೂಬಾ ಸಿಲಿಂಡರುಗಳ ಕತ್ತನ್ನು ಐದು ವರ್ಷಗಳ ಪರೀಕ್ಷೆಯ ಸಂದರ್ಭದಲ್ಲಿ ವಿದ್ಯುತ್ ಸುಳಿಯ ಉಪಕರಣದಿಂದ ತಪಾಸಿಸಬೇಕೆಂಬ ಸರ್ಕಾರಿ ನಿಯಮ 2006ರಲ್ಲಿ ಹೊರಟಿತು. ಅನೇಕ ಅಂಗಡಿಗಳು ಅಂತಹವುಗಳನ್ನು ತುಂಬಿಸಲೇ ಒಪ್ಪುವುದಿಲ್ಲ.

ಗರಾಜ್ ಸೇಲುಗಳಲ್ಲಿ ಒಳ್ಳೆಯ ವಸ್ತುವನ್ನು ಅಗ್ಗಕ್ಕೆ ಆರಿಸುವ ಕಲೆ ನಮ್ಮವರಿಗೆ ಚೆನ್ನಾಗಿ ಸಿದ್ಧಿಸಿದೆ. ಮೇಜು, ಪುಸ್ತಕ, ಮಕ್ಕಳ ಸೈಕಲ್ಲುಗಳಿಗೆ ಆ ಕಲೆ ಸಲ್ಲುತ್ತದೆ. ಯಾರದೋ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಕುಳಿತಿದ್ದ ಸ್ಕೂಬಾ ಸಿಲಿಂಡರಿಗೆ ಅದು ಸಲ್ಲದು. ಸಿಲಿಂಡರಿನ ಹೆಗಲಿನ ಮೇಲೆ ಕೊರೆದ ಅಕ್ಷರಗಳು ಅದರ ಜಾತಕ. ಯಾವ ಲೋಹ, ಎಷ್ಟು ಒತ್ತಡ, ಯಾವ ತಿಂಗಳು ಯಾವ ವರ್ಷದ ತಯಾರಿಕೆ, ಕಡೆಯ ನೀರೊತ್ತಡದ ಪರೀಕ್ಷೆ ಯಾವಾಗ ಎಂಬುದೆಲ್ಲವೂ ಅಲ್ಲಿರುತ್ತದೆ. ಆ ಪರೀಕ್ಷೆ ಐದು ವರ್ಷಗಳಿಗೊಮ್ಮೆ ಆಗಬೇಕು. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡುವುದು ಮುಳುಗುಗಾರರ ರೂಢಿ. ಸರಿಯಾಗಿ ನೋಡಿಕೊಂಡ ಉಕ್ಕಿನ ಸಿಲಿಂಡರ್ ದಶಕಗಳ ಕಾಲ ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತ ಬರುವುದುಂಟು. ಅಲ್ಯೂಮಿನಿಯಮ್ಮಿನದನ್ನು ಬೆಂಕಿಗೂ, ಬಣ್ಣ ಸುಡುವ ಒಲೆಗೂ ಒಡ್ಡಬಾರದು. ಕಾವಿಗೆ ಅದರ ಬಲ ಕುಂದುತ್ತದೆ.

ಈ ಚರಿತ್ರೆಯ ಎಲ್ಲ ಎಳೆಗಳೂ ಒಂದೆಡೆ ಕೂಡುವ ಘಟನೆಯನ್ನು ಇನ್ನು ಹೇಳುತ್ತೇವೆ. ಡೆಟ್ರಾಯಿಟಿಗೆ ಅಂಟಿಕೊಂಡಿರುವ ರಿವರ್ ರೂಜ್ ಊರಿನ ಹಡಗುಕಟ್ಟೆಯಲ್ಲಿ 1958ರಲ್ಲಿ ನೀರಿಗಿಳಿದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ 729 ಅಡಿ ಉದ್ದದ ಹಡಗು. 1975ರ ನವೆಂಬರಿನಲ್ಲಿ ಅದು ಸುಮಾರು 26,000 ಟನ್ ಕಬ್ಬಿಣದ ಅದಿರಿನ ಉಂಡೆಗಳನ್ನು ಹೇರಿಕೊಂಡು, ಡೆಟ್ರಾಯಿಟ್ ಬಳಿಯ ಝುಗ್ ದ್ವೀಪದ ಕಾರ್ಖಾನೆಯತ್ತ ಹೊರಟಿತ್ತು. ನವೆಂಬರ್ 10ರ ಸಂಜೆ ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ ಅದು 29 ಜನರೊಡನೆ ಮುಳುಗಿತು, ಒಬ್ಬನೂ ಉಳಿಯಲಿಲ್ಲ. ಡೆಟ್ರಾಯಿಟಿನ ನಾವಿಕರ ಚರ್ಚಿನಲ್ಲಿ ಮರುದಿನ ಗಂಟೆಯನ್ನು 29 ಬಾರಿ ಬಾರಿಸಿದರು. ಉಕ್ಕಾಗಬೇಕಿದ್ದ ಆ ಅದಿರು 530 ಅಡಿ ಆಳದಲ್ಲಿ ಉಳಿಯಿತು.

ಇಪ್ಪತ್ತು ವರ್ಷಗಳ ತರುವಾಯ, 1995ರ ಸೆಪ್ಟೆಂಬರ್ 1ರಂದು, ಟೆರೆನ್ಸ್ ಟೈಸಲ್ ಮತ್ತು ಮೈಕ್ ಝೀ ಎಂಬಿಬ್ಬರು ಹೀಲಿಯಂ, ಆಮ್ಲಜನಕ, ಸಾರಜನಕಗಳ ಮಿಶ್ರಣವನ್ನು ಉಸಿರಾಡುತ್ತ, ಸ್ಕೂಬಾ ಸಾಧನ ಮಾತ್ರದಿಂದ ಆ ಹಡಗನ್ನು ಮುಟ್ಟಿ ಬಂದರು. ಅಲ್ಲಿ ಒತ್ತಡ ದಡದ ಹದಿನಾರು ಪಟ್ಟಿಗೂ ಮಿಗಿಲು. ಇಳಿಯಲು ಅವರಿಗೆ ಆರು ನಿಮಿಷ ಹಿಡಿಯಿತು. ಹಡಗಿನ ಬಳಿ ಇದ್ದದ್ದು ಆರು ನಿಮಿಷ. ಮೇಲೆ ಬರಲು ಮೂರು ಗಂಟೆ. ಹನ್ನೆರಡು ನಿಮಿಷದ ಸಾಲಕ್ಕೆ ನೂರೆಂಬತ್ತು ನಿಮಿಷದ ಕಂತು. ಹಡಗು ಕೆನಡಾದ ನೀರಿನಲ್ಲಿದ್ದು, 29 ಜನರ ಸಮಾಧಿಯೂ ಆಗಿರುವುದರಿಂದ 2006ರಲ್ಲಿ ಒಂಟೇರಿಯೊ ಸರ್ಕಾರ ಪರವಾನಗಿಯಿಲ್ಲದೆ ಅಲ್ಲಿಗೆ ಇಳಿಯುವುದನ್ನು ನಿಷೇಧಿಸಿತು. ಅದು ಉಚಿತವೇ ಸರಿ.

ಸಭಿಕರೇ, ಆ ಆರು, ಆರು ಮತ್ತು ನೂರೆಂಬತ್ತು ನಿಮಿಷಗಳಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಸಿಲಿಂಡರನ್ನು ಅಂಗಡಿಯಲ್ಲಿ ಎತ್ತಿ ನೋಡಿದಾಗಿನ ತೂಕದಿಂದಾಗಲಿ, ತುಂಬಿದಾಗಿನ ಒತ್ತಡದಿಂದಾಗಲಿ ಅಳೆಯಬಾರದು. ಅದು ಬರಿದಾಗುತ್ತಿರುವಾಗ, ಮುಳುಗುಗಾರ ಇನ್ನೂ ನೀರಿನಲ್ಲಿಯೇ ನಿಂತಿರಬೇಕಾದ ಆ ಕೊನೆಯ ಗಳಿಗೆಯಲ್ಲಿ ಅದು ಹೇಗೆ ವರ್ತಿಸುತ್ತದೆ ಎಂಬುದರಿಂದ ಅಳೆಯಬೇಕು. ಉಕ್ಕಿಗೆ ಒಂದು ದೋಷ, ಅಲ್ಯೂಮಿನಿಯಮ್ಮಿಗೆ ಇನ್ನೊಂದು ದೋಷ. ಎರಡನ್ನೂ ಯಾರೋ ನೋವುಂಡು ನಮಗೆ ತಿಳಿಸಿಕೊಟ್ಟಿದ್ದಾರೆ.

ನಿಮ್ಮ ಮಕ್ಕಳು ಆಳಕ್ಕೆ ಹೋಗುವ ಆಸೆ ತೋರಿದರೆ ಬೇಡವೆಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಎಣಿಸದೆ ಹಣ ಕೊಟ್ಟುಬಿಡುವುದೂ ತಕ್ಕುದಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಈ ಸಿಲಿಂಡರ್ ಯಾವ ವರ್ಷದ್ದು, ಕಡೆಯ ಪರೀಕ್ಷೆ ಯಾವಾಗ ಆಯಿತು? ಬರಿದಾದಾಗ ಮುಳುಗುತ್ತದೆಯೋ ತೇಲುತ್ತದೆಯೋ? ಮೈಮೇಲಿನ ಉಡುಪಿಗೆ ಅದು ಹೊಂದುತ್ತದೆಯೋ? ಮರಳುವ ದಾರಿಗೂ, ಜೊತೆಗಾರನಿಗೂ ಗಾಳಿ ಉಳಿಯುತ್ತದೆಯೋ? ಈ ನಾಲ್ಕಕ್ಕೂ ತಡವರಿಸದೆ ಉತ್ತರಿಸಬಲ್ಲ ಮಗನಾಗಲಿ ಮಗಳಾಗಲಿ ತಕ್ಕ ಗುರುವಿನ ಬಳಿ ಕಲಿಯುತ್ತಿದ್ದಾರೆಂದು ನೀವು ನೆಮ್ಮದಿಯಿಂದಿರಬಹುದು. ಉತ್ತರ ಬಾರದಿದ್ದರೆ ಇನ್ನೊಂದು ಬೇಸಗೆ ಕಾಯಲು ಹೇಳಿರಿ. ರೌಸ್ ಸಿಮನ್ಸ್ ಹಡಗು 1912ರಿಂದಲೂ ಅಲ್ಲಿಯೇ ಇದೆ. ಇನ್ನೊಂದು ವರ್ಷವೂ ಇದ್ದೀತು.